ಜಿಡ್ಡಿನ ಮೇಲಿನ ಕೊಯ್ತ

“ಸವೆದದ್ದಲ್ಲಮ್ಮ ಇದು. ಯಾರೋ ಕೊಯ್ದಿದ್ದಾರೆ.”

ರಿಪೇರಿ ಶೆಡ್ಡಿನಲ್ಲಿ ಮೇಸ್ತ್ರಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ಹಳೆಯ ಟ್ರ್ಯಾಕ್ಟರಿನ ಬಲಗಡೆಯ ಹಿಂದಿನ ಚಕ್ರ ಗೋಡೆಗೆ ಒರಗಿತ್ತು. ಬ್ರೇಕಿನ ಡ್ರಮ್ಮು ನೆಲದ ಮೇಲಿತ್ತು. ಶಾಫ್ಟಿನ ಸುತ್ತ ಕೂತಿದ್ದ ರಬ್ಬರ್ ಸೀಲಿನ ಮೇಲೆ ಉಗುರಿನುದ್ದದ ಓರೆ ಕೊಯ್ತ. ತಿರುಗುವ ಶಾಫ್ಟಿನ ಜೊತೆ ಎಣ್ಣೆ ಆಚೆ ಬರದಂತೆ ತಡೆಯುವುದೇ ಸೀಲಿನ ಕೆಲಸ. ಎಣ್ಣೆ ಬಂದಿತ್ತು. ಬ್ರೇಕ್ ಪಟ್ಟಿಗಳು ತೊಯ್ದು ಹೋಗಿದ್ದವು.

ಹಿಂದಿನ ದಿನ ಬೆಳಿಗ್ಗೆ ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಯಜಮಾನಮ್ಮ ಬ್ರೇಕ್ ಒತ್ತಿದಾಗ ಎಡಗಡೆ ಮಾತ್ರ ಹಿಡಿಯಿತು. ಟ್ರ್ಯಾಕ್ಟರು ಗರ್ರನೆ ತಿರುಗಿ ಮೋರಿಯ ಗೋಡೆಗೆ ಗುದ್ದಿತು. ಈಗ ಆಕೆ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು.

ಮೇಸ್ತ್ರಿ ಬೇರೆ ಯಾರೂ ಅಲ್ಲ, ಇನ್‌ಸ್ಪೆಕ್ಟರಳ ಮಾವ, ಗಂಡನ ತಂದೆ. ಮನೆಯವರ ಮಾತನ್ನೇ ನಂಬಿ ಕೇಸು ಕಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಹತ್ತಿರದಲ್ಲಿ ಇಷ್ಟು ತಿಳಿದವರು ಬೇರೆ ಯಾರಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೀಲನ್ನು ಬಿಚ್ಚಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಸಿದಳು.

“ಯಾರ ಮೇಲಾದ್ರೂ ಅನುಮಾನ ಇದೆಯಾ ಮಾವ?”

ಮೇಸ್ತ್ರಿ, ಯಜಮಾನಮ್ಮನ ಡ್ರೈವರ್ ಜಗಳ ಮಾಡಿ ಕೆಲಸ ಬಿಟ್ಟದ್ದನ್ನು ಹೇಳಿದರು.

*

ಡ್ರೈವರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾರ್ನ್ ಎಂದು. ಖಾಲಿ ರಸ್ತೆಯಲ್ಲೂ ಹಾರ್ನ್ ಹೊಡೆಯದೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತಿದ್ದವನನ್ನು ಇನ್‌ಸ್ಪೆಕ್ಟರ್ ಎಬ್ಬಿಸಿ, ಅವನ ಹೆಸರು ಕೂಗಿ, ತೋಳು ಹಿಡಿದು ಜೀಪಿಗೆ ಹತ್ತಿಸಿದಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅವನ ತಾಯಿ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದರು.

“ಸೀಲ್ ಯಾಕೆ ಕೊಯ್ದೆ?” ಸ್ಟೇಷನ್ನಿನಲ್ಲಿ ಕೇಳಿದಳು.

“ಅದನ್ನ ಕೊಯ್ಬೇಕಂದ್ರೆ ಚಕ್ರ ಬಿಚ್ಬೇಕು ಮೇಡಂ. ಯಜಮಾನಮ್ಮನ ಅಂಗಳದಲ್ಲಿ ನಾನು ಜಾಕ್ ಹಾಕ್ಕೊಂಡು ಕೂತ್ರೆ ಅವ್ರು ಬಂದು ಟೀ ಕೊಡ್ತಾರಾ?”

ಹೆಡ್ ಕಾನ್‌ಸ್ಟೇಬಲ್ ನಕ್ಕುಬಿಟ್ಟ. ಅವಳು ನಗಲಿಲ್ಲ.

“ಜಾಣತನ ಬೇಡ.”

ಅದು ಉಡಾಫೆಯಲ್ಲ, ಉತ್ತರ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಮರುದಿನ ಮಧ್ಯಾಹ್ನ ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು. ಅಲ್ಲಿಂದ ಜೈಲು. ಯಜಮಾನಮ್ಮನ ಟ್ರ್ಯಾಕ್ಟರಿನ ಬ್ರೇಕ್ ಕೆಡಿಸಿದವನೆಂಬ ಹೆಸರು ಬಂದರೆ ಮತ್ತೆ ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡುವುದಿಲ್ಲ.

*

ಬೆಳಿಗ್ಗೆ ಹೇಳಿಕೆ ತೆಗೆದುಕೊಳ್ಳಲು ಆಸ್ಪತ್ರೆಗೆ ಹೋದಳು. ಯಜಮಾನಮ್ಮ ನೋವಿನ ನಡುವೆಯೂ ವಿವರವಾಗಿ ಹೇಳಿದರು. ಜಗಳವಾದದ್ದು ನಿಜ. ಬ್ರೇಕ್ ಒಂದು ಕಡೆ ಹಿಡಿಯುತ್ತಿಲ್ಲ, ಸರಿಮಾಡಿಸುವವರೆಗೆ ಓಡಿಸುವುದಿಲ್ಲ ಎಂದು ಹಾರ್ನ್ ಹಟ ಹಿಡಿದಿದ್ದ. ಕೆಲಸಗಳ್ಳನ ನೆಪ ಎಂದುಕೊಂಡು ಅವರೇ ಹತ್ತಿ ಕೂತಿದ್ದರು.

“ನೆಪ ಅಂತ ಯಾಕೆ ಅನ್ಸಿತು?”

“ನಿಮ್ಮ ಮಾವನೇ ಬಂದು ನೋಡಿದ್ರಲ್ಲ. ಹೊಸ ಸೀಲ್ ಹಾಕಿದೀನಿ, ಗ್ರೀಸ್ ಹೆಚ್ಚಾಗಿದೆ ಅಷ್ಟೆ ಅಂತ ಒರೆಸಿ ಹೋದ್ರು.”

ಅವಳ ಪೆನ್ನು ನಿಂತಿತು. ಮಾವ ಇದನ್ನು ಹೇಳಿರಲಿಲ್ಲ.

ಸ್ಟೇಷನ್ನಿಗೆ ಬಂದವಳೇ ಕವರಿನಿಂದ ಸೀಲು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ನಿನ್ನೆ ಕೊಯ್ತ ನೋಡಿದ್ದಳು. ಕೊಯ್ತದ ಸುತ್ತ ಏನಿದೆ ಎಂದು ನೋಡಿರಲಿಲ್ಲ. ಈಗ ನೋಡಿ, ಸೀಲನ್ನು ಮತ್ತೆ ಕವರಿಗೆ ಹಾಕಿ ಜೀಪು ತೆಗೆಸಿದಳು.

*

ಶೆಡ್ಡಿಗೆ ಹೆಡ್ ಕಾನ್‌ಸ್ಟೇಬಲನನ್ನೂ ಕರೆದುಕೊಂಡು ಹೋದಳು. ಸೊಸೆಯಾಗಿ ಒಬ್ಬಳೇ ಕೇಳಿದರೆ ಸುಳ್ಳಿಗೆ ಜಾಗ ಸಿಗುತ್ತದೆ, ಅವರಿಗೂ ತನಗೂ.

“ಮಾವ, ಕೊಯ್ತದೊಳಗೆ ಜಿಡ್ಡು ಯಾಕಿಲ್ಲ?”

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

ಅವಳು ಸೀಲನ್ನು ಬೆಂಚಿನ ಮೇಲಿಟ್ಟಳು. “ಸೋರಿದ ಎಣ್ಣೆ ಬ್ರೇಕಿನ ಪುಡಿ ಜೊತೆ ಸೇರಿ ಮೇಲೆಲ್ಲ ಕಪ್ಪಗೆ ಹೆಪ್ಪುಗಟ್ಟಿದೆ. ಕೊಯ್ತ ಆ ಜಿಡ್ಡನ್ನೂ ಸೀಳ್ಕೊಂಡು ಹೋಗಿದೆ. ಒಳಗೆ ರಬ್ಬರು ಅಂಗಡಿಯಿಂದ ಈಗ ತಂದ ಹಾಗಿದೆ. ಎಣ್ಣೆ ಇಲ್ಲಿಂದ ಬಂದಿದ್ರೆ ಮೊದಲು ಇಲ್ಲೇ ಜಿಡ್ಡು ತುಂಬ್ಬೇಕಿತ್ತು. ಅಂದ್ರೆ ಸೋರಿದ್ದು ಮೊದಲು, ಕೊಯ್ದದ್ದು ಆಮೇಲೆ. ಡ್ರಮ್ ಬಿಚ್ಚಿದ ಮೇಲೆ. ಬಿಚ್ಚಿದಾಗ ಇಲ್ಲಿದ್ದದ್ದು ನೀವೊಬ್ರೇ.”

“ಮತ್ತೆ ಸೋರಿದ್ದೆಲ್ಲಿಂದ?” ಪಾಠ ಒಪ್ಪಿಸಿಕೊಳ್ಳುವವರ ಹಾಗೆ ಕೇಳಿದರು.

ಅವಳು ಸೀಲನ್ನು ತಿರುಗಿಸಿದಳು. ಒಳಗಿನ ತೆಳ್ಳನೆಯ ಅಂಚಿನಲ್ಲಿ ಒಂದು ಸಣ್ಣ ಹರಕು. ಶಾಫ್ಟಿನ ತುದಿಯಲ್ಲಿ ಗರಗಸದಂಥ ಹಲ್ಲುಗಳಿದ್ದವು. ಹರಕಿನ ಅಳತೆಯೂ ಹಲ್ಲಿನ ಅಳತೆಯೂ ಒಂದೇ.

“ಹಲ್ಲು ತಾಗದ ಹಾಗೆ ಹಳೇ ಎಕ್ಸ್‌ರೇ ಹಾಳೆ ಸುತ್ತಿ, ಅದರ ಮೇಲೆ ಸೀಲ್ ಜಾರಿಸ್ತೀರಿ ನೀವು. ಈ ಮನೆಗೆ ಬಂದಾಗಿಂದ ನೋಡಿದೀನಿ. ಈ ಸಲ ಸುತ್ತಲಿಲ್ಲ.”

ಮೇಸ್ತ್ರಿ ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ಒಂದೇ ಮನೆಯಲ್ಲಿದ್ದೂ ಅವಳು ಗಮನಿಸಿರಲಿಲ್ಲ. ಅವರು ಲೋಟವನ್ನು ಯಾವಾಗಲೂ ಎರಡು ಕೈಯಲ್ಲಿ ಹಿಡಿಯುತ್ತಿದ್ದದ್ದು ಈಗ ನೆನಪಾಯಿತು.

“ಹಾಳೆ ನಿಲ್ತಿರಲಿಲ್ಲಮ್ಮ. ಹಿಡಿಯೋಷ್ಟರಲ್ಲಿ ಬಿಚ್ಕೊಳ್ತಿತ್ತು. ಹಾಗೇ ನೂಕಿಬಿಟ್ಟೆ. ಹಾರ್ನ್ ಬಂದು ಹೇಳಿದಾಗ್ಲೇ ಗೊತ್ತಾಯ್ತು. ಮತ್ತೆ ಬಿಚ್ಚಿದ್ರೆ ಮೇಸ್ತ್ರಿ ಕೈಲಿ ಇನ್ನು ಕೆಲಸ ಆಗಲ್ಲ ಅಂತಾರೆ. ಆ ಮಾತು ಕೇಳೋಕಾಗಲ್ಲ ಅಂತ ಒರೆಸಿ ಬಂದೆ. ಟ್ರ್ಯಾಕ್ಟರ್ ಗುದ್ದಿದ ಮೇಲೆ, ಹರಕಿನ ಕಡೆ ಯಾರೂ ನೋಡ್ಬಾರ್ದು ಅಂತ ಮೇಲೆ ಕೊಯ್ದೆ.”

“ಅವನನ್ನ ಹಿಡಿದು ತಂದಾಗಾದ್ರೂ ಹೇಳ್ಬಹುದಿತ್ತು.”

ಮೇಸ್ತ್ರಿ ತಲೆ ತಗ್ಗಿಸಿದರು. “ನೀನು ಅಷ್ಟು ಬೇಗ ನಂಬ್ತೀಯ ಅಂತ ಅಂದ್ಕೊಂಡಿರ್ಲಿಲ್ಲ.”

ಹೆಡ್ ಕಾನ್‌ಸ್ಟೇಬಲ್ ಗೋಡೆ ನೋಡುತ್ತಿದ್ದ. ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಯಾರೂ ಹೇಳದೆ ಹೋಗಿ ಜೀಪಿನಲ್ಲಿ ಕೂತರು. ಕೇಸನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ಅವಳು ಮೇಲಿನವರಿಗೆ ಫೋನು ಮಾಡಿದಳು. ಕಾರಣವನ್ನೂ ಮುಚ್ಚಿಡಲಿಲ್ಲ.

*

ಮಧ್ಯಾಹ್ನ ಹಾರ್ನನ್ನು ಬಿಟ್ಟಳು.

“ತಪ್ಪಾಯ್ತು. ನೀವು ಮನೆಗೆ ಹೋಗ್ಬಹುದು.”

ನಿನ್ನೆಯ ‘ನೀನು’ ಇವತ್ತು ‘ನೀವು’ ಆದದ್ದನ್ನು ಅವನು ಗಮನಿಸಿದ. ಖುಷಿಪಡಲಿಲ್ಲ.

“ನನಗೆ ಹೇಳಿ ಏನು ಪ್ರಯೋಜನ ಮೇಡಂ? ನಮ್ಮಮ್ಮನಿಗೆ ಹೇಳಿ.”

ಅವನ ತಾಯಿ ಹೊಸ್ತಿಲಲ್ಲೇ ನಿಂತಿದ್ದರು. ಒಳಗೆ ಕರೆಯಲಿಲ್ಲ. ನಿಮ್ಮ ಮಗನದೇನೂ ತಪ್ಪಿಲ್ಲ ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದಳು.

“ಜೋರಾಗಿ ಹೇಳು. ಕರ್ಕೊಂಡು ಹೋಗುವಾಗ ಗಟ್ಟಿಯಾಗೇ ಕೂಗಿದ್ದೆಯಲ್ಲ.”

ಅವಳು ಓಣಿಯ ಕಡೆ ತಿರುಗಿದಳು. “ಇವರು ಏನೂ ಮಾಡಿಲ್ಲ. ಮಾಡಿದ್ದು ನಮ್ಮ ಮಾವ. ವಿಚಾರಿಸದೆ ಇವರನ್ನ ಹಿಡಿದದ್ದು ನಾನು.”

ಬಾಗಿಲುಗಳು ಒಂದೊಂದಾಗಿ ತೆರೆದವು. ತಾಯಿ ಓಣಿಯ ಉದ್ದಕ್ಕೂ ಕಣ್ಣು ಹಾಯಿಸಿದರು. ಕೊನೆಯ ಮನೆಯ ಬಾಗಿಲು ಮುಚ್ಚಿಯೇ ಇತ್ತು.

“ಅವರಿಗೆ ಕೇಳಿಸಿಲ್ಲ,” ಎಂದರು.

ಇನ್‌ಸ್ಪೆಕ್ಟರ್ ಅಲ್ಲಿಯವರೆಗೆ ನಡೆದು ಹೋಗಿ ಬಾಗಿಲು ತಟ್ಟಿದಳು.