ಪರದೆಯ ಮರೆಯ ಪಿಸುಮಾತು

ಶಿವಕಾಂತಾ ರಂಗದ ಮೇಲೆ ಅತ್ತರೆ ಅತ್ತ ದೌಂಡ ಜಂಕ್ಷನ್ನಿನಲ್ಲಿ ಸೊಲ್ಲಾಪುರದ ಗಾಡಿ ನಿಂತುಬಿಡುತ್ತಿತ್ತು! ಡ್ರೈವರ್ ಕಣ್ಣೊರೆಸಿಕೊಂಡ ಮೇಲೆಯೇ ಸಿಳ್ಳೆ. ನಂಬಿಕೆ ಬಾರದವರು ಹೋಗಿ ಹಳಿ ಮುಟ್ಟಿ ನೋಡಿ, ಇನ್ನೂ ಒದ್ದೆ.

ಸುಳ್ಳಲ್ಲ, ಅವಳ ಕಾದಂಬರಿಯ ಬೆನ್ನುಡಿಯಲ್ಲೇ ಹಾಗೆ ಅಚ್ಚಾಗಿದೆ. ಬರೆದುಕೊಟ್ಟವಳು ಅವಳೇ, ಅದು ಬೇರೆ ಮಾತು.

ಅಂಥ ನಟಿ ನಾಟಕ ಬಿಟ್ಟು, ಹದಿಹರೆಯದವರಿಗಾಗಿ ಕಾದಂಬರಿ ಬರೆಯಲು ಕೂತದ್ದಾದರೂ ಏಕೆ? ಈ ಕುತೂಹಲಕ್ಕೆ ಇಡೀ ಪುಣೆಗೆ ನಿದ್ದೆಯಿರಲಿಲ್ಲ!

ಆ ಭಾನುವಾರ ಪುಣೆಯ ಕೊಂಢವಾ ಬಡಾವಣೆಯ ಪುಟ್ಟ ಸಭಾಂಗಣದಲ್ಲಿ, ಅವಳ ಮೊದಲ ಕಾದಂಬರಿ ಓದಿದ್ದ ಹುಡುಗಿಯರ ನಡುವಿನಿಂದ ರಂಜನಾ ಎಂಬವಳು ಎದ್ದು ಕೇಳಿಯೇಬಿಟ್ಟಳು.

"ಮೇಡಂ, ನಾಟಕ ಯಾಕ ಬಿಟ್ರಿ?"

"ಏನ್ ಹೇಳ್ಲೆವಾ! ಕಡೀ ನಾಟಕದಾಗ ರಾಣಿ ಪಾತ್ರ. ಅರ್ಧ ತಾಸು ಚಪ್ಪಾಳಿ ನಿಲ್ಲಲೇ ಇಲ್ಲ! ಇನ್ನ ಮ್ಯಾಲ ಏರಾಕ ಜಾಗಾನ ಉಳೀಲಿಲ್ಲ, ಇಳ್ದು ಬಂದೆ. ಆಮ್ಯಾಲ…"

ಶಿವಕಾಂತಾಳ ನಾಲಿಗೆ ಅಲ್ಲೇ ನಿಂತಿತು.

ಹಿಂದಿನ ಸಾಲಿನಲ್ಲಿ, ರಾಂಜಣಗಾಂವದ ಕಾರ್ಖಾನೆಯ ನೀಲಿ ಅಂಗಿಯಲ್ಲಿ… ಮಾಂತು! ಅವಳ ಹಳೆಯ ನಾಟಕ ತಂಡದಲ್ಲಿ ಪ್ರತಿ ಹಿಡಿದು ಪರದೆಯ ಮರೆಯಲ್ಲಿ ನಿಂತು, ನಟರು ಮರೆತ ಮಾತನ್ನು ಪಿಸುಗುಟ್ಟುತ್ತಿದ್ದವನು.

'ಇಂವ ಈಗ್ಯಾಕ ಬಂದ? ಮತ್ತ ನನ್ನ ಮಾನ ಕಳೀಲಿಕ್ಕೇನು?'

ಎಲ್ಲರೂ ಕಾಯುತ್ತಿದ್ದರು. ಆಗ ಹಿಂದಿನಿಂದ ಅದೇ ಹಳೆಯ ಪಿಸುದನಿ…

"ಆಮ್ಯಾಲ ಮಾತು ಮರ್ತೆ."

ಹುಡುಗಿಯರ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

ಶಿವಕಾಂತಾಳ ಕಣ್ಣು ತುಂಬಿತು… ಸಿಟ್ಟಿನಿಂದ! "ಹೌದು, ಮರ್ತೆ! ಪರದೆ ಕಡೆ ನೋಡಿದೆ. ಈ ಮಹಾರಾಯ ತುಟಿ ಬಿಚ್ಚಲಿಲ್ಲ. ಹಿಂದಿನ ದಿನ 'ನನ್ನ ಮದ್ವಿ ಆಗ್ತೀಯೇನು' ಅಂತ ಕೇಳಿದ್ದ. ನಾ ನಕ್ಕಿದ್ದೆ. ಆ ಸೇಡು ತೀರಿಸ್ಕೊಂಡ! ಬಾಯಿಗೆ ಬಂದದ್ದು ಒದರಿ ಓಡಿಬಂದೆ. ಮತ್ತ ರಂಗ ಹತ್ತಲಿಲ್ಲ."

"ಅಯ್ಯ, ಭಾಳ ಕೆಟ್ಟಂವ ಅದಾನ್ರಿ!" ಎಂದಳು ರಂಜನಾ.

ಮಾಂತು ಎದ್ದು ನಿಂತ. "ಬಾಯಿಗೆ ಏನು ಬಂತು, ಅದನ್ನ ಹೇಳ್ಲಿಲ್ಲಲ್ಲ? ರಾಣಿ ಭಾಷಾ ಬಿಟ್ಟು ಮನಿ ಭಾಷಾದಾಗ ಅಂದಿದ್ಲು… 'ಮಹಾರಾಜ, ಈ ಕಿರೀಟ ಒಯ್ರಿ. ನಾ ಸಣ್ಣಾಕಿ ಇದ್ದಾಗ ಇದನ್ನ ತಲಿಗೆ ಇಟ್ಟು ಮರ ಹತ್ತೂದು ಬಿಡಿಸಿದ್ರಿ. ಆ ಮರ ವಾಪಸ್ ಕೊಡ್ರಿ.'"

ರಂಜನಾ ಪುಸ್ತಕ ತೆರೆದವಳೇ ಕಿರುಚಿದಳು. "ಇದು ಮೊದಲನೇ ಸಾಲು!"

"ಮೊನ್ನೆ ಅದನ್ನ ಓದೇ ಬಂದೆ," ಎಂದ ಮಾಂತು. "ಆವತ್ತು ನಾ ಬಾಯಿ ತೆರ್ಯೂದ್ರಾಗ ನೀ ಶುರು ಮಾಡಿದ್ದಿ, ಶಿವಾ. ಕೈಯಾಗಿದ್ದ ಮಾತಿಗಿಂತ ನಿನ್ನ ಮಾತು ಛಲೋ ಇತ್ತು. ನಡುವ ಹೆಂಗ ಬಾಯಿ ಹಾಕ್ಲಿ? ಇನ್ನೂ ಆಡ್ತಿ ಅಂತ ಕಾದೆ… ನೀ ಓಡಿಬಿಟ್ಟಿ."

ಇಷ್ಟು ದಿನ ಅವಳು ಅವಮಾನವೆಂದು ಎದೆಯಲ್ಲಿ ಹೊತ್ತು ತಿರುಗಿದ ಆ ಮೌನ… ಅವಳ ಮೊದಲ ಓದುಗನ ಮೆಚ್ಚುಗೆಯೇ?

"ಹಂಗಾರ ಅರ್ಧ ತಾಸಿನ ಚಪ್ಪಾಳಿ?" ರಂಜನಾ ಬಿಡಲಿಲ್ಲ.

"ಸುಳ್ಳವಾ," ಎಂದಳು ಶಿವಕಾಂತಾ. " ಇಂವ ಒಬ್ಬಾಂವ ಬಡ್ದಿದ್ದ, ಪರದೆ ಹಿಂದ. ಅಣಕಿಸಾಕತ್ತಾನ ಅನ್ಕೊಂಡೆ."

"ದೌಂಡದ ಗಾಡಿ?"

"ಅದು… ಸಿಗ್ನಲ್ ಬಿದ್ದಿರ್ಲಿಲ್ಲ, ನಿಂತಿತ್ತು."

ನಗೆಯೆದ್ದಿತು. ಅವಳು ಮಾಂತುವಿನ ಬಳಿ ನಡೆದಳು. "ಆವತ್ತು ನಕ್ಕಿದ್ದೂ ಸುಳ್ಳ. ಹ್ಞೂಂ ಅನ್ನಾಕ ಹೆದರಿ ನಕ್ಕೆ. ಮತ್ತೊಮ್ಮೆ ಕೇಳು."

ಮಾಂತು ಬಾಯಿ ತೆರೆದ. "ಮಾತು… ಮರ್ತೀನಿ."

ಅವಳು ಅವನ ಕಿವಿಯ ಬಳಿ ಪಿಸುಗುಟ್ಟಿ ಹೇಳಿಕೊಟ್ಟಳು. "ನನ್ನ ಮದ್ವಿ ಆಗ್ತೀಯೇನು…"

"ಆಗ್ತೀಯೇನು?"

"ಹ್ಞೂಂ."