ಕೆಡದ ಪ್ರಿಂಟರ್

"ಇದು ಇನ್ನು ಉಳಿಯಂಗಿಲ್ಲ ಬಿಡ್ರಿ."

ಭೀಮರಾಜ ಪ್ರಿಂಟರಿನ ಮುಚ್ಚಳ ಹಾಕಿದ. ರೇಖಾ ಅವನತ್ತ ತಿರುಗಿದಳು. ಯಂತ್ರ ಹೋದರೆ ಹೋಗಲಿ, ಇವನು...?

ಕಾನಹೊಸಹಳ್ಳಿಯ ತನ್ನ ಮನೆಯ ಮುಂದಿನ ಕೋಣೆಯಲ್ಲೇ ರೇಖಾ ಅರ್ಜಿ ತುಂಬಿ, ಪ್ರಿಂಟ್ ತೆಗೆದುಕೊಡುವ ಕೆಲಸ ಮಾಡುತ್ತಿದ್ದಳು. ಪ್ರಿಂಟರ್ ಕೆಟ್ಟಾಗಲೆಲ್ಲ ಕೊಟ್ಟೂರಿನಿಂದ ಭೀಮರಾಜ ಬೈಕಿನಲ್ಲಿ ಬರುತ್ತಿದ್ದ. ಚೀಲ ಇಳಿಸಿ, ನಿಂತೇ ರಿಪೇರಿ ಮಾಡಿ, ನಿಂತೇ ಚಹಾ ಕುಡಿದು ಹೋಗುತ್ತಿದ್ದ. ಕೂತುಕೊಳ್ಳಿ ಎಂದರೆ, "ಕೆಲಸಕ್ಕ ಬಂದೀನ್ರಿ" ಅನ್ನುವನು. ಅಷ್ಟು ಹೊತ್ತಿಗಾಗಿ ಅವಳು ಎಷ್ಟೋ ದಿನ ಕಾಯುತ್ತಿದ್ದಳು.

ಒಂದು ಗುಟ್ಟೂ ಇತ್ತು. ಇಂಕ್ ಒಣಗದಂತೆ ಆಗಾಗ ಬಣ್ಣದ ಹಾಳೆ ತೆಗೆಯಿರಿ ಎಂದು ಅವನು ಹೇಳಿದ್ದ. ಅವಳು ಬೇಕೆಂದೇ ತೆಗೆಯುತ್ತಿರಲಿಲ್ಲ. ಇಂಕ್ ಒಣಗಿದರೆ ತಾನೆ ಅವನು ಬರುವುದು!

"ಲೇಸರ್ ತಗೋರಿ. ನಿಮ್ಮದು ಬರೇ ಕರಿ ಪ್ರಿಂಟಿನ ಕೆಲಸ. ಅದರಾಗ ಇಂಕ್ ಇಲ್ಲ, ಪುಡಿ ಇರ್ತೈತಿ. ಒಣಗಂಗಿಲ್ಲ, ಕೆಡೋದೂ ಕಮ್ಮಿ."

"ನನಗ ಮೊದಲಿನಂಥದ್ದ ಬೇಕು."

"ಅದು ಮತ್ತ ಒಣಗ್ತೈತ್ರಿ."

"ಒಣಗ್ಲಿ."

"ಪದೇ ಪದೇ ನಾ ಬರಬೇಕಾಗ್ತೈತಿ."

"ಬರಾಕ ಬ್ಯಾಸರೇನು?" ಕೇಳಿದ ಮೇಲೆ ರೇಖಾ ನಾಲಿಗೆ ಕಚ್ಚಿಕೊಂಡಳು.

ಭೀಮರಾಜ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದ. "ರಿಪೇರಿಗೆ ಬರೋದು ಸಾಕಾಗೈತ್ರಿ" ಎಂದವನೇ ಚೀಲ ಹೆಗಲಿಗೇರಿಸಿದ.

ಅಂದರೆ ನಾನೇ ಸಾಕಾಗಿದ್ದೇನೆ... ಅವಳು ಹಾಗೆಯೇ ತಿಳಿದಳು. ಸಿಟ್ಟಿನಲ್ಲಿ ಲೇಸರನ್ನೇ ತರಿಸಿದಳು. ಅವನು ತಂದು ಜೋಡಿಸಿ, ಚಹಾ ಕೂಡ ಕುಡಿಯದೆ ಹೋದ.

ಈ ಹಾಳು ಹೊಸ ಪ್ರಿಂಟರ್, ಒಂದು ಹಾಳೆಯನ್ನಾದರೂ ಸಿಕ್ಕಿಸಿಕೊಳ್ಳಬಾರದೇ! ಬೆಳೆವಿಮೆ ಅರ್ಜಿ, ಹಾಲ್ ಟಿಕೆಟ್, ಏನು ಕೊಟ್ಟರೂ ಬಿಸಿಬಿಸಿಯಾಗಿ ಹೊರಹಾಕುತ್ತಿತ್ತು. ಬಂದವರು ಅದನ್ನು ಹೊಗಳಿದಷ್ಟೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಹೆದ್ದಾರಿಯಿಂದ ಯಾವ ಬೈಕ್ ತಿರುಗಿದರೂ ಕಿವಿ ನಿಮಿರುತ್ತಿತ್ತು. ಫೋನಿನಲ್ಲಿ ಅವನ ಹೆಸರು ತೆಗೆಯುವಳು. ಏನಂತ ಕರೆಯಲಿ? ಕೆಡದ ಯಂತ್ರಕ್ಕೆ ಏನು ನೆಪ ಹೇಳಲಿ? ಮತ್ತೆ ಫೋನ್ ಕೆಳಗಿಡುವಳು. ಅವ್ವ ಗಿಡ್ಡಮ್ಮ ಮಗಳ ಮುಖ ನೋಡಿಯೂ ನೋಡದಂತೆ ಇರುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಭೀಮರಾಜ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ. ಹೆಗಲು ಖಾಲಿ.

"ಪ್ರಿಂಟರ್ ಕೆಟ್ಟಿಲ್ಲ. ನಾ ಕರದೂ ಇಲ್ಲ" ಎಂದಳು ರೇಖಾ ಬಿಗಿಯಾಗಿ.

"ಗೊತ್ತೈತ್ರಿ. ಅದಕ್ಕ ಕೆಡದಂಥದ್ದು ಕೊಟ್ಟಿದ್ದು."

"ಚೀಲ ಎಲ್ಲಿ?"

"ತಂದಿಲ್ಲ. ಚೀಲ ಹಿಡಕೊಂಡು ಬಂದ್ರ ನಾ ರಿಪೇರಿಯವನ ಆಗ್ತೀನಿ. ಗಿರಾಕಿ ಮನ್ಯಾಗ ಬ್ಯಾರೆ ಮಾತು ಆಡಬಾರದು ಅಂತ ಬಾಯಿ ಕಟ್ಕೊಂಡಿದ್ದೆ. ನಿಮ್ಮನ್ನ ನೋಡೋದು ಸಾಕಾಗಿರಲಿಲ್ರಿ... ಹಂಗ ಚಹಾ ಕುಡದು ವಾಪಸ್ ಹೋಗೋದು ಸಾಕಾಗಿತ್ತು."

"ಮತ್ತ ಇಷ್ಟು ದಿನ?"

"ಧೈರ್ಯ ಬರಬೇಕಲ್ರಿ. ನಾಳಿ ನಮ್ಮವ್ವನ್ನ ಕರಕೊಂಡು ಹೆಣ್ಣು ಕೇಳಾಕ ಬರ್ಲೇನು? ಮೊದಲು ನಿಮ್ಮನ್ನ ಕೇಳಾನ ಅಂತ ಬಂದೆ."

ರೇಖಾಳ ಕಣ್ಣು ತುಂಬಿತು. ಕುರ್ಚಿ ಎಳೆದು ಅವನ ಮುಂದಿಟ್ಟಳು. ಆ ಮನೆಯಲ್ಲಿ ಅವನು ಮೊದಲ ಸಲ ಕುಳಿತ. ಒಳಗೆ ಗಿಡ್ಡಮ್ಮ ಆಗಲೇ ಚಹಾಕ್ಕೆ ಇಟ್ಟಿದ್ದಳು.

"ಆ ಇಂಕ್ ನಾನ ಬೇಕಂತ ಒಣಗಿಸ್ತಿದ್ದೆ" ಎಂದಳು ಮೆಲ್ಲಗೆ.

"ಗೊತ್ತಿತ್ತು. ಇಲ್ಲಾಂದ್ರ ನನಗೆಲ್ಲಿ ಧೈರ್ಯ ಬರತಿತ್ತು?"

"ಇನ್ನ ಇದು ಕೆಟ್ರ ಯಾರನ್ನ ಕರೀಲಿ?"

"ಬ್ಯಾರೆ ಯಾರನ್ನರ ಕರೀರಿ. ಮನಿ ಅಳಿಯನ್ನ ಯಾರರ ರಿಪೇರಿಗೆ ಹಚ್ತಾರೇನು?"