ಊರೆಲ್ಲ ಬಸ್ಸು ಹತ್ತಿದ ದಿನ

ಹೊಸದಾಗಿ ಅಗೆದ ಮಣ್ಣಿನ ವಾಸನೆ, ಅದರೊಡನೆ ಕಡಿದ ಮುಳ್ಳುಪೊದೆಯ ಹಸಿ ವಾಸನೆ ಬೆರೆತು ಮೂಗಿಗೆ ಬಂದಾಗಲೆಲ್ಲ ಅಬೀಲಿಯುವಿನ ಎಡಗಿವಿ ತಾನೇ ಬಿಸಿಯಾಗುತ್ತಿತ್ತು. ಅವನು ಚಿಕ್ಕವನಿದ್ದಾಗ, ಬೆಟ್ಟದ ಕಣಿವೆಬಾಯಲ್ಲಿ ಗಡಿಕಲ್ಲು ನೆಡುವ ದಿನ, ಅಪ್ಪ ಅವನನ್ನು ಕರೆದೊಯ್ದಿದ್ದ. ಕಲ್ಲು ಗುಂಡಿಗೆ ಕೂತ ಗಳಿಗೆಯಲ್ಲಿ ಮಗನ ಕಿವಿ ಬಲವಾಗಿ ಹಿಂಡಿದ್ದ. "ನೋವಾಯ್ತಾ? ಹಾಗಾದ್ರೆ ಈ ಜಾಗ ನೀನು ಮರೆಯಲ್ಲ ಬಿಡು" ಎಂದಿದ್ದ. ಕಲ್ಲಿನ ಈಚೆಗೆ ಅವರ ಚೆಸ್ಟ್‌ನಟ್ ತೋಪು, ಆಚೆಗೆ ಊರ ಗೋಮಾಳ.

ಅಬೀಲಿಯು ಮರೆತಿರಲಿಲ್ಲ. ಅರ್ಧ ಆಯುಷ್ಯ ಫ್ರಾನ್ಸಿನಲ್ಲಿ ಗಾರೆ ಕೆಲಸ ಮಾಡಿ, ಹೆಂಡತಿಯನ್ನು ಅಲ್ಲೇ ಮಣ್ಣುಮಾಡಿ, ಪೋರ್ಚುಗಲ್ಲಿನ ಈ ಬೆಟ್ಟಸೀಮೆಗೆ ಒಬ್ಬನೇ ಹಿಂದಿರುಗಿದಾಗಲೂ ಆ ಜಾಗ ಅವನ ಕಿವಿಯಲ್ಲೇ ಇತ್ತು.

ಅಷ್ಟರಲ್ಲಿ ಬೆಟ್ಟದ ಬಿಳಿಕಲ್ಲಿನಲ್ಲಿ ಲಿಥಿಯಮ್ ಇದೆಯೆಂದು ಕಂಪನಿಯೊಂದು ಬಂದಿತ್ತು. ಹೊಗೆಯಿಲ್ಲದ ಕಾರುಗಳ ಬ್ಯಾಟರಿಗೆ ಅದೇ ಬೇಕಂತೆ. ಗೋಮಾಳ ಅಗೆದರೆ ಊರ ಬುಗ್ಗೆ ಬತ್ತುತ್ತದೆ, ಬುಗ್ಗೆ ಬತ್ತಿದರೆ ಹುಲ್ಲಿಲ್ಲ, ಹುಲ್ಲಿಲ್ಲದೆ ದನವಿಲ್ಲ ಎಂದು ಊರು ಒಂದೇ ಮಾತಿನಲ್ಲಿ ನಿಂತಿತು. ಊರ ಕೂಟದಲ್ಲಿ ಅಬೀಲಿಯು ಎದ್ದು, ಕಂಪನಿಯವರ ಮಾತು ಕೇಳಿ ನೋಡುವುದರಲ್ಲಿ ತಪ್ಪೇನಿದೆ ಎಂದು ಕೇಳಿದ್ದ. ದನ ಸಾಕುವ ಲೌರಿಂದು ಕೂತಲ್ಲಿಂದಲೇ ಹೇಳಿದ, "ನೀನು ಮನೆ ಕಟ್ಟಿಸಿದ್ದೇ ಬೆಟ್ಟಕ್ಕೆ ಬೆನ್ನು ಹಾಕಿ. ನಿಂಗೆಲ್ಲಿ ಹುಲ್ಲು ಕಾಣ್ಬೇಕು, ಫ್ರಾನ್ಸಿನ ಧಣಿ?"

ಎಲ್ಲರೂ ನಕ್ಕರು. ಆ ನಗು ಅವನ ಜೊತೆ ಮನೆಗೆ ಬಂತು, ಜೊತೆಗೇ ಮಲಗಿತು.

ಆಮೇಲೆ ಕಂಪನಿಯವನೊಬ್ಬ ತೋಪು ನೋಡಲು ಬಂದ. ಗಣಿಯ ರಸ್ತೆ ಕಣಿವೆಬಾಯಲ್ಲಿಯೇ ಹೋಗಬೇಕು, ಬೇರೆ ದಾರಿಯಿಲ್ಲ, ಊರು ಗೋಮಾಳ ಬಿಡುವುದಿಲ್ಲ ಎಂದು ಪೇಚಾಡಿ, "ಗಡಿ ಇನ್ನೊಂಚೂರು ಆಚೆಗಿದ್ದಿದ್ರೆ ಅದು ನಿಮ್ಮ ಜಾಗವೇ ಆಗ್ತಿತ್ತಲ್ಲ" ಎಂದು ಹೊರಟುಹೋದ. ಅಬೀಲಿಯು ಆ ಮಾತನ್ನು ದಿನಗಟ್ಟಲೆ ಮೆಲುಕು ಹಾಕಿದ. ಗೋಮಾಳಕ್ಕೆ ನಕ್ಷೆಯಿಲ್ಲ, ಕಲ್ಲು ಹೇಳಿದ್ದೇ ಗಡಿ. ಆ ಕಲ್ಲು ನೆಟ್ಟವರೆಲ್ಲ ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಮಲಗಿದ್ದಾರೆ. ತೋಪನ್ನು ಕಂಪನಿಗೆ ಮಾರಿಬಿಟ್ಟರೆ ಫ್ರಾನ್ಸಿನ ಲಿಯೋನಿನಲ್ಲಿ ಮಗಳ ಮನೆಯ ಹತ್ತಿರ ಒಂದು ಪುಟ್ಟ ಮನೆ. ಈ ನಗು ತಲುಪದಷ್ಟು ದೂರ.

ಗಣಿ ಬೇಡವೆನ್ನಲು ಊರಿಗೆ ಊರೇ ಬಸ್ಸು ಮಾಡಿಕೊಂಡು ಜಿಲ್ಲಾ ಪಟ್ಟಣಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅಬೀಲಿಯುವಿಗೆ ಬೇಕಾದ ದಿನವನ್ನು ಊರೇ ಗೊತ್ತುಮಾಡಿ ಕೊಟ್ಟಿತು.

ಅವನು ಆ ದಿನಕ್ಕಿಂತ ಮುಂಚಿನಿಂದಲೇ ಕೆಮ್ಮತೊಡಗಿದ. ಗಾರೆ ಕೆಲಸದವನಿಗೆ ತಳಪಾಯದ ಬೆಲೆ ಗೊತ್ತು. ಪಕ್ಕದ ಮನೆಯ ಎತೆಲ್ವಿನಾ ಚಿಕ್ಕಮ್ಮ ಕೆಮ್ಮು ಕೇಳಿಸಿಕೊಂಡು ಜೇನು ಕೊಟ್ಟುಹೋದಳು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಸೀಳಿದ ಸೌದೆ ಒಪ್ಪವಾಗಿ ಜೋಡಿಸಿತ್ತು. ಲೌರಿಂದು ಬೀದಿಯ ತಿರುವಿನಿಂದಲೇ, "ಕೆಮ್ಮು ಬಿಡೋವರೆಗೂ ಕೊಡಲಿ ಮುಟ್ಬೇಡಣ್ಣ" ಎಂದು ಕೂಗಿ, ರಾಜಿಯಾಗಲು ನಾಚಿದವನಂತೆ ದನದ ಹಿಂದೆ ಹೋಗಿಬಿಟ್ಟ. ಜನ ನಂಬಿದ್ದಾರೆ ಎಂಬುದಕ್ಕೆ ಇದಕ್ಕಿಂತ ರುಜುವಾತು ಬೇಕಿರಲಿಲ್ಲ. ಆದರೂ ಆ ಸೌದೆಯನ್ನು ಒಲೆಗಿಡುವಾಗ ಅವನು ಮುಖ ತಿರುಗಿಸಿಕೊಂಡ.

ಆ ದಿನ ಜ್ವರವೆಂದು ಹೇಳಿ, ಹಾಸಿಗೆಯಲ್ಲೇ ಬಸ್ಸಿನ ಸದ್ದು ಕೇಳಿಸಿಕೊಂಡ. ಸದ್ದು ಕಣಿವೆಯ ಕೆಳಗೆ ಅಡಗಿದ ಮೇಲೆ ಎದ್ದು, ಹೊಗೆ ಕಾಣಲೆಂದು ಒಲೆಗೆ ಹಸಿ ಕೊರಡು ತುರುಕಿದ. ಪರವೂರಿನವರು ಯಾರಾದರೂ ಇಣುಕಿದರೆಂದು ಹೊದಿಕೆಯೊಳಗೆ ದಿಂಬುಗಳನ್ನು ಉದ್ದಕ್ಕಿಟ್ಟ. ಕೊಟ್ಟಿಗೆಯ ಬಾಗಿಲಿಂದ ತೋಪಿನೊಳಗೆ ನುಸುಳಿ ಹಾರೆ, ಕಲ್ಲು ಉರುಳಿಸಲು ದುಂಡು ಕೊರಡುಗಳೊಂದಿಗೆ ಬೆಟ್ಟ ಹತ್ತಿದ.

ಕೆಲಸ ಅಚ್ಚುಕಟ್ಟಾಗಿ ಸಾಗಿತು. ಕಲ್ಲಿನ ಹಾವಸೆ ಹಿಡಿದ ಮುಖ ಬಡಗಣಕ್ಕೇ ಇರುವಂತೆ ಗುರುತು ಮಾಡಿಕೊಂಡ. ಹೊಸ ಗುಂಡಿಯ ಮೇಲಿನ ಹುಲ್ಲನ್ನು ಬೇರುಮಣ್ಣಿನ ಸಮೇತ ಹಾಳೆಹಾಳೆಯಾಗಿ ಕೊಯ್ದು ಹಳೆಯ ಗುಂಡಿಗೆ ಹೊದಿಸಲೆಂದು ಎತ್ತಿಟ್ಟ. ಬೇರೆ ಯಾರಾದರೂ ಮರೆಯಬಹುದಾಗಿದ್ದನ್ನೂ ಅವನು ಮರೆಯಲಿಲ್ಲ. ಗಡಿಕಲ್ಲಿನ ಬುಡದಲ್ಲಿ ಒಂದೇ ಹೆಂಚನ್ನು ಎರಡಾಗಿ ಮುರಿದು ಸಾಕ್ಷಿಯಾಗಿ ಹೂಳುವುದು ಅಲ್ಲಿಯ ಪದ್ಧತಿ. ಅವೆರಡು ಚೂರೂ ಸಿಕ್ಕವು. ಒಂದಕ್ಕೊಂದು ತಾಗಿಸಿದರೆ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂಡಿದವು. ಆ ಹೆಂಚನ್ನು ಮುರಿದದ್ದು ಅಪ್ಪನೇ. ಅಬೀಲಿಯು ಅವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೆಟ್ಟದಲ್ಲಿ ಒಂದು ನರಪಿಳ್ಳೆಯೂ ಕಾಣುತ್ತಿರಲಿಲ್ಲ, ಆದರೂ ಅವನಿಗೆ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಳ್ಳಬೇಕೆನಿಸಿತು. ಕಡೆಗೆ ಎದ್ದು, ಸಾಕ್ಷಿಗಳನ್ನೂ ಹೊಸ ಗುಂಡಿಗೆ ಸಾಗಿಸಿ, ಮೇಲೆ ಕಲ್ಲನ್ನು ನಿಲ್ಲಿಸಿ, ಹಳೆಯ ಗುಂಡಿಗೆ ಹುಲ್ಲು ಹೊದಿಸಿದ.

ಮನೆಗೆ ಬಂದು ಉಗುರುಸಂದಿಯ ಮಣ್ಣು ತೊಳೆದ. ದಿಂಬುಗಳು ಇಟ್ಟಹಾಗೆಯೇ ಇದ್ದವು. ಅವನ್ನು ಸರಿಸಿ ತಾನು ಮಲಗಿದ. ಸಂಜೆ ಬಸ್ಸು ಬಂತು. ಜನ ಹಾಡು ಹೇಳುತ್ತ ಇಳಿದರು. ಎಲ್ಲರೂ ಹೋಗಿದ್ದರು, ಎಲ್ಲರೂ ಹಿಂದಿರುಗಿದರು ಎಂದುಕೊಂಡ. ಇನ್ನು ಒಂದು ಮಳೆ ಬಿದ್ದರೆ ಆ ಕಲ್ಲು ಆದಿಯಿಂದಲೂ ಅಲ್ಲೇ ಇದ್ದಂತೆ.

ಎತೆಲ್ವಿನಾ ಚಿಕ್ಕಮ್ಮ ಕೋಳಿಸಾರು, ಅನ್ನದ ಬಟ್ಟಲು ಹಿಡಿದು ಒಳಗೆ ಬಂದಳು. ಪಟ್ಟಣದಲ್ಲಿ ಹೇಗಾಯಿತೆಂದು ಅವನು ಕೆಮ್ಮುತ್ತ ಕೇಳಿದ. "ನಂಗೇನು ಗೊತ್ತೋ? ನಾನು ಊರಾಚೆ ಗಿರಣಿ ತಿರುವಲ್ಲೇ ಬಸ್ಸಿಳಿದು ವಾಪಸ್ ಬಂದ್ಬಿಟ್ಟೆ" ಎಂದಳು. ಊರಲ್ಲಿ ಕಾಯಿಲೆ ಬಿದ್ದವರನ್ನು ಒಂಟಿಯಾಗಿ ಬಿಟ್ಟುಹೋಗುವ ವಾಡಿಕೆಯಿರಲಿಲ್ಲ, ಯಾರಾದರೊಬ್ಬರು ಹಿಂದುಳಿಯುತ್ತಿದ್ದರು. ಜ್ವರ ಬಂದರೆ ಬಾಗಿಲು ಹಾಕಿಕೊಂಡು ಮಲಗುವ ದೇಶದಲ್ಲಿ ಅಷ್ಟು ಕಾಲ ಇದ್ದು ಬಂದ ಅಬೀಲಿಯುವಿಗೆ ಇದೊಂದು ನೆನಪಿರಲಿಲ್ಲ. "ಮಧ್ಯಾಹ್ನವೂ ತಂದಿದ್ದೆ. ಸ್ವಲ್ಪ ಹೊತ್ತು ನಿನ್ನ ದಿಂಬಿನ ಜೊತೆ ಮಾತಾಡಿದೆ. ಆಮೇಲೆ, ಜ್ವರದಲ್ಲಿ ಎದ್ದು ಎಲ್ಲಿಗೋ ಹೋದನೇನೋ ಅಂತ ಹೆದರಿ ಕಣಿವೆಬಾಯಿವರೆಗೂ ಹುಡುಕ್ಕೊಂಡು ಹೋಗಿದ್ದೆ." ಅವಳು ಅವನ ಮುಖ ನೋಡಲಿಲ್ಲ. ಹೊದಿಕೆಯ ಸುಕ್ಕು ಸರಿಮಾಡಿ ಬಟ್ಟಲಿಡಲು ಜಾಗ ಮಾಡಿದಳು. "ಅಷ್ಟು ದೊಡ್ಡ ಕಲ್ಲು, ಒಬ್ಬನೇ. ಹಸಿದಿರ್ತೀಯ" ಎಂದು ಬಿಸಿ ಬಟ್ಟಲನ್ನು ಅವನ ಕೈಗಿಟ್ಟಳು.